ಹಡಗು ಹತ್ತುವ ಹಿಂದಿನ ದಿನ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಎರಡು ಉದ್ಯೋಗ. ಒಂದು ಸಂಬಳ ಬರುವಂಥದು. ಇನ್ನೊಂದು ಊರಿನಿಂದ ಬಂದವರಿಗೆ ಮುಂಬಯಿ ತೋರಿಸುವುದು. ಮೊದಲನೆಯದರಿಂದ ನಾವು ನಿವೃತ್ತರಾದೆವು. ಎರಡನೆಯದಕ್ಕೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಮಾಡಿಲ್ಲವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾದ್ದಿಲ್ಲ. ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಂತು ನಾವು ಎಷ್ಟು ಸಲ ಫೋಟೋ ತೆಗೆಸಿಕೊಂಡಿದ್ದೇವೆಯೋ ಲೆಕ್ಕವಿಲ್ಲ. ಎಲ್ಲ ಫೋಟೋಗಳಲ್ಲೂ ಕಮಾನು ಒಂದೇ ತರಹ ಇದೆ. ನಮ್ಮ ತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಹೊಳೆಯುತ್ತ ಬಂದಿದೆ.

ಈ ಸಲ ಬಂದ ಬೇಡಿಕೆ ಹೊಸ ಬಗೆಯದು. 2025ರ ನವೆಂಬರಿನಲ್ಲಿ ನಮ್ಮ ಅಕ್ಕ ಭಾವನವರ ಮದುವೆಯಾಗಿ 45 ವರ್ಷ ತುಂಬುವುದಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವರ ಮಗ, ತಂದೆ ತಾಯಿಯನ್ನು ಹಡಗಿನಲ್ಲಿ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿ ಯಾರನ್ನೂ ಕೇಳದೆ ಟಿಕೆಟ್ಟು ಮಾಡಿಸಿಬಿಟ್ಟಿದ್ದ. ಮುಂಬಯಿಯಿಂದ ಗೋವೆ, ಅಲ್ಲಿಂದ ಲಕ್ಷದ್ವೀಪ, ತಿರುಗಿ ಮುಂಬಯಿ.

“ಹಡಗು ಭಾನುವಾರ ಹೊರಡುತ್ತದೆ ಮಾವ. ನಾವು ಶನಿವಾರ ಬೆಳಿಗ್ಗೆಯೇ ಬಂದುಬಿಡುತ್ತೇವೆ. ಒಂದು ಇಡೀ ದಿನ ಕೈಯಲ್ಲಿದೆ. ಹಳೇ ಬಾಂಬೆಯ ಕಟ್ಟಡಗಳು, ಜೊತೆಗೆ ಹಳೇ ಕಾಲದ ಒಂದೆರಡು ಬಾರು. ನೀವೇ ಒಂದು ಪ್ಲಾನು ಹಾಕಿಕೊಡಿ” ಎಂದ.

ಒಂದೆರಡು ಎಂದನೇ ಹೊರತು, ಆಮೇಲೆ ಮೊಬೈಲಿಗೆ ಬಂದ ಪಟ್ಟಿಯಲ್ಲಿ ಒಂಬತ್ತು ಬಾರುಗಳಿದ್ದವು. ನೋಡುವ ಸ್ಥಳಗಳು ಏಳು. ಎಲಿಫೆಂಟಾ ಗುಹೆಯೂ ಅದರಲ್ಲಿ ಸೇರಿತ್ತು. ಹದಿನಾರು ಕಡೆ ಒಂದೇ ದಿನದಲ್ಲಿ ಹೋಗಿ ಬರಬೇಕಾದರೆ ಪೋಸ್ಟಿನವನೇ ಆಗಬೇಕು. ಅವನೂ ಒಂಬತ್ತು ಮನೆಗಳಲ್ಲಿ ಕುಡಿಯುತ್ತ ಹೋಗುವುದಿಲ್ಲ.

ಮೊದಲು ಹೊಡೆದುಹಾಕಿದ್ದು ಎಲಿಫೆಂಟಾವನ್ನು. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ದಡ ಮುಟ್ಟಿದ ಮೇಲೆ ನೂರಕ್ಕೂ ಮೇಲ್ಪಟ್ಟು ಮೆಟ್ಟಿಲು. ಭಾವನವರಿಗೆ ಎಪ್ಪತ್ತು, ಮೊಣಕಾಲು ಅವರ ಮಾತನ್ನು ಕೇಳುವುದಿಲ್ಲ. ಅಲ್ಲದೆ ಮರುದಿನದಿಂದ ಬೇಡವೆಂದರೂ ನೀರೇ ನೀರು. ಹಿಂದಿನ ದಿನವೂ ನೀರಿನ ಮೇಲೆ ಹೋಗುವುದರಲ್ಲಿ ಏನು ಅರ್ಥ?

ಎರಡನೆಯ ಪ್ರಶ್ನೆ ಇರುವುದೆಲ್ಲಿ ಎಂಬುದು. ಇದರಲ್ಲಿ ನಮ್ಮ ಮನೆಯಲ್ಲಿಯೇ ಒಂದು ಸಣ್ಣ ಯುದ್ಧವಾಯಿತು. “ಡೊಂಬಿವಲಿಯಲ್ಲಿ ನಮ್ಮ ಮನೆ ಇರುವಾಗ ಒಡಹುಟ್ಟಿದ ಅಕ್ಕ ಫೋರ್ಟಿನ ಲಾಡ್ಜಿನಲ್ಲಿ ಮಲಗುವುದೇ? ಊರಿನವರು ಏನೆಂದಾರು?” ಎಂದು ನಮ್ಮಾಕೆ ಎರಡು ದಿನ ಮಾತು ಬಿಟ್ಟರು. ಊರಿನವರು ಏನಾದರೂ ಅನ್ನಲಿ, ಭಾನುವಾರ ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕು. ಪೆಟ್ಟಿಗೆಗಳನ್ನು ಹೊತ್ತುಕೊಂಡು, ಎಲ್ಲಿ ನಿಲ್ಲುವುದೋ ಎಲ್ಲಿ ತಿರುಗುವುದೋ ತಿಳಿಯದ ಗಾಡಿಯಲ್ಲಿ ಹಡಗಿಗೆ ಹೊರಡುವುದು ಧೈರ್ಯದ ಕೆಲಸವಲ್ಲ, ದಡ್ಡತನ. ಗಾಡಿ ತಡವಾದರೆ ಆಫೀಸು ಕಾಯುತ್ತದೆ, ಮದುವೆಯ ಮುಹೂರ್ತವೂ ಕಾಯುತ್ತದೆ. ಹಡಗು ಕಾಯುವುದಿಲ್ಲ, ಹೊರಡುವ ವೇಳೆಗಿಂತ ಎಷ್ಟೋ ಮುಂಚೆಯೇ ಅದರ ಕೌಂಟರು ಮುಚ್ಚಿಬಿಡುತ್ತದೆ. ಕಡೆಗೆ, ಹಿಂತಿರುಗಿ ಬಂದಾಗ ಮೂರು ದಿನ ನಮ್ಮಲ್ಲಿಯೇ ಇರತಕ್ಕದ್ದೆಂಬ ಕರಾರಿನ ಮೇಲೆ ಸಂಧಿಯಾಯಿತು.

ಇನ್ನು ಬಾರುಗಳ ವಿಚಾರ. ಒಂಬತ್ತನ್ನು ಎರಡಕ್ಕೆ ಇಳಿಸಿದೆವು. ಕಟ್ಟಡಗಳು ಬೆಳಿಗ್ಗೆ, ಬಾರು ಸಂಜೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಕಟ್ಟಡಗಳೂ ತಲೆಕೆಳಗಾಗಿ ಕಾಣುತ್ತವೆ. ಕೊಲಾಬಾದ ರಸ್ತೆಯಲ್ಲಿ ಲಿಯೋಪೋಲ್ಡ್ ಇದೆ; ಇರಾನಿಗಳು 1871ರಲ್ಲಿ ತೊಡಗಿಸಿದ್ದು. 2008ರ ನವೆಂಬರ್ 26ರ ರಾತ್ರಿ ಅಲ್ಲಿ ಹಾರಿದ ಗುಂಡುಗಳ ಗುರುತನ್ನು ಗೋಡೆಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದಕ್ಕೆ ಸಮೀಪದಲ್ಲೇ ಮಾಂಡೆಗಾರ್. ಅಲ್ಲಿಯ ಗೋಡೆಗಳ ತುಂಬ ಮಾರಿಯೋ ಮಿರಾಂಡಾ ಬರೆದ ಚಿತ್ರಗಳು. ಗುಂಡಿನ ಗುರುತು ನೋಡುತ್ತ ಬೀರು ಕುಡಿಯುವುದು ನಮಗೆ ಅಷ್ಟು ಹಿಡಿಸುವುದಿಲ್ಲ. ಚಿತ್ರ ನೋಡುತ್ತ ಕುಡಿಯಲಿ ಎಂದು ಮಾಂಡೆಗಾರನ್ನು ಬರೆದುಕೊಂಡೆವು. ಇನ್ನೊಂದು ತಾಜ್ ಹೋಟೆಲಿನ ಹಾರ್ಬರ್ ಬಾರ್, 1933ರಿಂದ ಇರುವುದು. ಬಿಲ್ಲನ್ನು ಅಳಿಯನೇ ಕೊಡುವವನಾದ್ದರಿಂದ ಅದರ ಬಗ್ಗೆ ನಮಗೆ ಆಕ್ಷೇಪಣೆ ಇರಲಿಲ್ಲ.

ಇದನ್ನೆಲ್ಲ ಮೊಬೈಲಿನ ಪರದೆಯಲ್ಲಿ ಮುಖ ನೋಡಿಕೊಂಡು ಚರ್ಚಿಸುತ್ತಿದ್ದೆವು. ಅಳಿಯ ಬೆಂಗಳೂರಿನಲ್ಲಿ, ಅಕ್ಕ ಭಾವ ಕುಂದಾಪುರದ ಕಡೆ ತಮ್ಮ ಮನೆಯಲ್ಲಿ, ನಾವು ಇಲ್ಲಿ. ಹೊರಗಿನಿಂದ ಬರುವವರಿಗೆ ಇಲ್ಲಿಯ ಕಾನೂನು ಗೊತ್ತಿರಲಿ ಎಂದು ನಾವು ಸ್ವಲ್ಪ ದೊಡ್ಡಸ್ತಿಕೆಯಿಂದಲೇ ವಿವರಿಸಿದೆವು. ಬೊಂಬಾಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆ ಮಹಾರಾಷ್ಟ್ರದಲ್ಲಿ ಇಂದಿಗೂ ಸತ್ತಿಲ್ಲ. ಬೀದಿಬೀದಿಯಲ್ಲಿ ಬಾಟಲಿ ಮಾರುತ್ತಿದ್ದರೂ ಕಾಗದದ ಮೇಲೆ ಕುಡಿಯುವವನಿಗೆ ಪರ್ಮಿಟ್ ಬೇಕು. ಹಳೆಯ ಬಾರುಗಳ ಬೋರ್ಡಿನಲ್ಲಿ ‘ಪರ್ಮಿಟ್ ರೂಮ್’ ಎಂದು ಬರೆದಿರುವುದು ಅದಕ್ಕೇ. ಬೀರಿಗೆ 21, ವಿಸ್ಕಿ ಬ್ರಾಂದಿಗೆ 25 ವರ್ಷ ತುಂಬಿರಬೇಕು. ಆಗಸ್ಟ್ 15, ಅಕ್ಟೋಬರ್ 2, ಜನವರಿ 26 ಒಣ ದಿನಗಳು. ಚುನಾವಣೆ ಬಂದರೆ ಅದರ ಹಿಂದೆಮುಂದೆಯೂ ಒಣಗುತ್ತದೆ. ಆದ್ದರಿಂದ ತಾರೀಖು ನೋಡಿಕೊಂಡೇ ಬರಬೇಕು.

“ಹಾಗಾದರೆ ನಮಗೆ ಪರ್ಮಿಟ್ ಯಾರು ಕೊಡುತ್ತಾರೆ?” ಎಂದ ಅಳಿಯ.

ನಾವು ಉತ್ತರ ಹುಡುಕುತ್ತಿರುವಾಗ ಅಕ್ಕನ ಹಿಂದಿನಿಂದ ಭಾವನ ಧ್ವನಿ ಬಂತು. “ಅದಕ್ಕೆಂಥದು? ಒಂದು ದಿನದ ಪರ್ಮಿಟ್ ಅಂತ ಚೀಟಿ ಇದೆ. ಗಲ್ಲಾದಲ್ಲಿಯೇ ಪುಸ್ತಕ ಇರುತ್ತದೆ. ಐದು ರೂಪಾಯಿ ತಕ್ಕೊಂಡು ಹರಿದು ಕೊಡುವುದು.”

ಪರದೆಯಲ್ಲಿ ಯಾರೂ ಮಾತಾಡಲಿಲ್ಲ. ಭಾವ ತಮ್ಮ ಜೀವಮಾನದಲ್ಲಿ ತೊಟ್ಟು ಹೆಂಡ ಮುಟ್ಟಿದವರಲ್ಲ. ಹಣೆಗೆ ಗಂಧವಿಲ್ಲದೆ ಗೇಟು ದಾಟದವರು. “ಅಪ್ಪಾ, ನಿಮಗೆ ಹೇಗೆ ಗೊತ್ತು?” ಎಂದು ಮಗ ನಗುತ್ತ ಕೇಳಿದ. “ಪೇಪರಿನಲ್ಲಿ ಓದಿದ್ದು” ಎಂದು ಭಾವ ಎದ್ದು ಹೋದರು. ನಾವು ಅವಸರವಾಗಿ ತಿಂಡಿಯ ವಿಷಯಕ್ಕೆ ಮಾತು ತಿರುಗಿಸಿದೆವು.

ಅಲ್ಲಿಯವರೆಗೆ ನಾವು ಹಾಕಿದ್ದ ಪ್ಲಾನಿನಲ್ಲಿ ಒಂದು ಕಳ್ಳತನವಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇವೆ. ಫೋರ್ಟಿನ ದಾರಿಯನ್ನು ಬರೆಯುವಾಗ ಒಂದು ಗಲ್ಲಿಯನ್ನು ನಾವು ಬಳಸಿಕೊಂಡು ಹೋಗಿದ್ದೆವು. ಭಾವ ಮುಂಬಯಿಗೆ ಬಂದದ್ದು 1969ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಮೊದಲು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ಕೆಲವು ವರ್ಷಗಳ ಮೇಲೆ ಊರಿನವರೇ ನಡೆಸುತ್ತಿದ್ದ ಒಂದು ಪರ್ಮಿಟ್ ರೂಮಿಗೆ ಹೋದರು. ನಮ್ಮ ಕರಾವಳಿಯಿಂದ ಬಂದವರು ಈ ಶಹರದಲ್ಲಿ ಇಡ್ಲಿ ಸಾಂಬಾರಿನ ಹೋಟೆಲುಗಳನ್ನು ಮಾತ್ರ ನಡೆಸಲಿಲ್ಲ, ಬಾರುಗಳನ್ನೂ ನಡೆಸಿದರು. ಮೊದಲನೆಯದನ್ನು ಸಂಘದ ಸಮಾರಂಭಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ, ಎರಡನೆಯದನ್ನು ಯಾರೂ ಎತ್ತುವುದಿಲ್ಲ. ಅಕ್ಕನನ್ನು ಕೊಡುವಾಗ “ಮಾಣಿಗೆ ಎಂಥ ಕೆಲಸ?” ಎಂದು ನಮ್ಮ ತಂದೆ ಕೇಳಿದ್ದಕ್ಕೆ “ಫೋರ್ಟಿನಲ್ಲಿ ಹೋಟೆಲು” ಎಂಬ ಉತ್ತರ ಬಂತು. ಸುಳ್ಳೇನಲ್ಲ, ಅಲ್ಲಿ ಊಟವೂ ಸಿಗುತ್ತಿತ್ತು.

ನಾವು ಬಂದದ್ದು 1981ರಲ್ಲಿ, ಭಾವನ ಬೆನ್ನು ಹಿಡಿದು. ಹಗಲು ಒಂದು ಕಾಗದದ ಅಂಗಡಿಯಲ್ಲಿ ಕೆಲಸ, ರಾತ್ರಿ ಕಾಲೇಜು. ಎರಡನ್ನೂ ಗೊತ್ತುಮಾಡಿದವರು ಅವರೇ. ರಾತ್ರಿಶಾಲೆಗೆ ಹೋಗಿ ಓದಿದ ಹೋಟೆಲು ಹುಡುಗರ ಕಥೆಯನ್ನು ಮುಂಬಯಿ ಕನ್ನಡಿಗರು ಬೇಕಾದಷ್ಟು ಕೇಳಿದ್ದೀರಿ. ಬಾರಿನ ಹುಡುಗನಿಗೆ ಅದೂ ಇರಲಿಲ್ಲ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಅವನ ಗಿರಾಕಿಗಳು ಬರುವುದು. ಸಂಬಳವನ್ನು ಭಾವ ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರು. ನಮ್ಮ ಕಾಲೇಜಿನ ಫೀಸು ಕೊಟ್ಟದ್ದು ಟಿಪ್ಸಿನಿಂದ. ಎರಡರ, ಐದರ ನೋಟುಗಳು. ಬಿಡಿಸಿ ಎಣಿಸುವಾಗ ಒದ್ದೆಯಾಗಿರುತ್ತಿದ್ದವು. ಕಾಲೇಜಿನ ಗುಮಾಸ್ತ ಮೂಗಿನ ಬಳಿ ಹಿಡಿದು ಒಮ್ಮೆ ನಮ್ಮ ಮುಖ ನೋಡಿದ್ದ. ಮುಂದಿನ ತಿಂಗಳಿನಿಂದ ನಾವು ಆ ನೋಟುಗಳನ್ನು ರಾತ್ರಿ ಕಿಟಕಿಯಲ್ಲಿ ಹರಡಿ, ಬೆಳಿಗ್ಗೆ ಇಸ್ತ್ರಿಯಂತೆ ಪುಸ್ತಕದೊಳಗಿಟ್ಟು ಒಯ್ಯುತ್ತಿದ್ದೆವು. ಭಾವ ಒಂದೇ ಮಾತು ಹೇಳಿದ್ದರು: “ಊರಿನಲ್ಲಿ ಎಂಥದೂ ಹೇಳಬೇಡ ಮಾರಾಯ. ನಿನ್ನ ಅಕ್ಕನಿಗಂತೂ ಬೇಡ.” ನಾವು ಹೇಳಲಿಲ್ಲ. 1996ರಲ್ಲಿ ಅವರು ಊರಿಗೆ ಹೋಗಿ ಸಣ್ಣ ಹೋಟೆಲು ಹಾಕಿದ ಮೇಲೆ ಹೇಳುವ ಪ್ರಸಂಗವೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮತ್ಸ್ಯಗಂಧದಲ್ಲಿ ಕುರ್ಲಾಕ್ಕೆ ಬಂದಿಳಿದರು. ಅಳಿಯನೂ ಅವನ ಹೆಂಡತಿಯೂ ಹಿಂದಿನ ರಾತ್ರಿಯೇ ವಿಮಾನದಲ್ಲಿ ಬಂದಿದ್ದರು. ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನಲ್ಲಿ ಇಡ್ಲಿ, ಕಾಫಿ. ಪೆಟ್ಟಿಗೆಗಳನ್ನು ಫೋರ್ಟಿನ ಲಾಡ್ಜಿಗೆ ಹಾಕಿ ವಿ. ಟಿ. ಸ್ಟೇಷನ್ನಿನ ಎದುರು ನಿಂತೆವು. ಹೆಸರು ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಬಾಯಿಗೆ ಅದು ವಿ. ಟಿ.ಯೇ. ಹತ್ತು ವರ್ಷ ಕಟ್ಟಿ 1888ರಲ್ಲಿ ಮುಗಿಸಿದ್ದು. ದಿನವೂ ಅದರೊಳಗೆ ಓಡುವವರು ಒಮ್ಮೆ ರಸ್ತೆ ದಾಟಿ ಎದುರಿಗೆ ನಿಂತು ತಲೆ ಎತ್ತಿ ನೋಡಬೇಕು; ಗೋಡೆಯ ಮೇಲೆ ನವಿಲು, ಕೋತಿ, ಹಾವು ಎಲ್ಲವೂ ಇವೆ. ಅಲ್ಲಿಂದ ಫ್ಲೋರಾ ಫೌಂಟನ್, ರಾಜಾಬಾಯಿ ಗೋಪುರ. ಆ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ ರಾಯಚಂದ ತನ್ನ ತಾಯಿಯ ಹೆಸರಿಟ್ಟ. ಕಣ್ಣು ಕಾಣದ ಆ ತಾಯಿಗೆ ಸೂರ್ಯಾಸ್ತದ ಮುಂಚೆ ಊಟ ಮುಗಿಸಲು ಗಂಟೆಯ ಶಬ್ದ ಕೇಳಲೆಂದು ಕಟ್ಟಿಸಿದ ಎಂಬ ಕಥೆಯಿದೆ. ಅಕ್ಕನಿಗೆ ಇಡೀ ಮುಂಬಯಿಯಲ್ಲಿ ಮೆಚ್ಚಿಗೆಯಾದದ್ದು ಇದೊಂದೇ.

ಮಧ್ಯಾಹ್ನ ಬಲ್ಲಾರ್ಡ್ ಎಸ್ಟೇಟಿಗೆ ಹೋದೆವು. ಹಡಗು ಹತ್ತುವವರಿಗೆ ನಮ್ಮ ಒಂದು ಸಲಹೆ: ಹತ್ತುವ ಬಾಗಿಲನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. “ಭಾವುಚಾ ಧಕ್ಕೆಯೇ?” ಎಂದು ಅಕ್ಕ ಕೇಳಿದಳು, ಗೋವೆಯ ಸ್ಟೀಮರು ಹಿಂದೆ ಅಲ್ಲಿಂದ ಹೊರಡುತ್ತಿದ್ದ ನೆನಪು. ಈಗಿನ ಪ್ರವಾಸದ ಹಡಗುಗಳು ಬಲ್ಲಾರ್ಡ್ ಪಿಯರಿನವು; ಅಲ್ಲಿಯ ಹೊಸ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ನಾವು ನಡೆಯುತ್ತಿದ್ದ ನೆಲವೇ ಒಂದು ಕಾಲಕ್ಕೆ ಸಮುದ್ರ. ಈಗ ಇಂದಿರಾ ಡಾಕ್ ಎನ್ನುವ ಅಲೆಗ್ಸಾಂಡ್ರಾ ಡಾಕನ್ನು ತೋಡಿದಾಗ ಬಂದ ಮಣ್ಣನ್ನು ತುಂಬಿ ಈ ಪೇಟೆಯನ್ನು ಮಾಡಿದರು. ಡಾಕು ಮುಗಿದದ್ದು 1914ರಲ್ಲಿ. ಗೇಟ್‌ವೇಯನ್ನು ರಚಿಸಿದ ಜಾರ್ಜ್ ವಿಟೆಟ್ಟನೇ ಇಲ್ಲಿಯ ಕಟ್ಟಡಗಳಿಗೂ ನಕ್ಷೆ ಹಾಕಿದವನು. ನಮ್ಮ ಅಜ್ಜ ಮುಂಬಯಿಗೆ ಬಂದದ್ದೂ ನೀರಿನ ಮೇಲೆಯೇ. ಮಂಗಳೂರಿನಿಂದ ಕರಾವಳಿಯ ಸ್ಟೀಮರಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಮಳೆಗಾಲದಲ್ಲಿ ಅದೂ ಇಲ್ಲ. ಮೊಮ್ಮಗಳಿಗೆ ಕಿಟಕಿಯ ಕೋಣೆ ಮುಂಗಡ ಗೊತ್ತುಮಾಡಿದೆ. ಬ್ರಿಟಾನಿಯಾದಲ್ಲಿ ಬೆರಿ ಪುಲಾವ್ ತಿಂದೆವು. 1923ರಿಂದ ಇರುವ ಇರಾನಿ ಹೋಟೆಲು. ಭಾವನಿಗೆ ಅನ್ನದಲ್ಲಿ ಹುಳಿ ಹಣ್ಣು ಸೇರಲಿಲ್ಲ. ಮಲಗಿ ಎದ್ದು ನಾಲ್ಕು ಗಂಟೆಗೆ ಗೇಟ್‌ವೇ. ಫೋಟೋ. ಅದರ ವಿಷಯ ಮೊದಲೇ ಹೇಳಿದ್ದೇವೆ.

ಫೋಟೋ ಮುಗಿದು ಮಾಂಡೆಗಾರಿನ ಕಡೆಗೆ ಹೊರಡುವಾಗ ಭಾವ ನಿಂತರು. “ಅಲ್ಲಿಗೆ ಬೇಡ. ಬಾರಿಗೇ ಹೋಗುವುದಾದರೆ ನಾನು ಕೆಲಸ ಮಾಡಿದ ಬಾರಿಗೆ ಹೋಗುವ. ಇದೆಯಾ ನೋಡುವ.”

ಅಳಿಯನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ನಾವು ಅಕ್ಕನ ಮುಖ ನೋಡಲಾರದೆ ಟ್ಯಾಕ್ಸಿ ಹುಡುಕುವ ನೆಪದಲ್ಲಿ ರಸ್ತೆಗೆ ಇಳಿದೆವು.

ಬಾರು ಇತ್ತು. ಕೆಳಗೆ ಊಟ, ಮೇಲೆ ತಣ್ಣಗಿನ ಗಾಳಿಯ ಕೋಣೆ. ಮಾಲೀಕರು ಬದಲಾಗಿದ್ದರೂ ಗಲ್ಲಾದಲ್ಲಿ ಕೂತವನು ಕುಂದಾಪುರದ ಕಡೆಯವನೇ. ಮೇಜಿನ ಹುಡುಗ ಮಾತ್ರ ಝಾರ್ಖಂಡದವನು. ಭಾವ ಅಡಿಗೆಮನೆಯ ಬಾಗಿಲು ಕಾಣುವಂತೆ ಕೂತರು. ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಳು. ಅರುವತ್ತೈದು ದಾಟಿದವಳು ಬಾರಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮಗ ಸೊಸೆಗೆ ಬೀರು, ನಮಗೆಲ್ಲ ನಿಂಬೆ ಸೋಡ. ಹುಡುಗ ಬಾಟಲಿ ತಂದಾಗ ಭಾವ, “ಮುಚ್ಚಳ ಗಿರಾಕಿಯ ಎದುರು ತೆಗೆಯಬೇಕು” ಎಂದು ಹಿಂದಿಯಲ್ಲಿ ಹೇಳಿದರು. ಚಖ್ನಾದ ಬಟ್ಟಲಿನಿಂದ ಒಂದು ಬೇಯಿಸಿದ ಶೇಂಗಾ ತೆಗೆದು ಹಿಚುಕಿ, “ಉಪ್ಪು ಆಮೇಲೆ ಹಾಕಿದ್ದಾರೆ. ಬೇಯುವಾಗಲೇ ಹಾಕಬೇಕು” ಎಂದರು. ನಾಲ್ಕು ಗಂಟೆಗೆ ಶೇಂಗಾ ಬೇಯಿಸಿ ಇಳಿಸುವುದು ಇಪ್ಪತ್ತು ವರ್ಷ ಅವರ ಕೆಲಸವಾಗಿತ್ತು. ಯಾವ ಮೇಜಿನಲ್ಲಿ ಯಾವ ಬ್ಯಾಂಕಿನ ಗುಮಾಸ್ತ ಕೂರುತ್ತಿದ್ದ, ಸಂಬಳದ ದಿನ ಯಾರನ್ನು ಟ್ಯಾಕ್ಸಿಗೆ ಎತ್ತಿ ಹಾಕಬೇಕಾಗುತ್ತಿತ್ತು, ಎಲ್ಲವನ್ನೂ ಹೇಳಿದರು. ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾವು ಕೇಳಿಯೇ ಇರಲಿಲ್ಲ.

ಮಾತು ನಿಂತಾಗ ಭಾವ ಅಕ್ಕನ ಕಡೆ ತಿರುಗಿ, “ನಿನಗೆ ಹೇಳಲಿಲ್ಲ” ಎಂದರು.

“ಹೇಳುವುದೆಂಥದು? ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅಂಗಿ ಒಗೆದವಳು ನಾನಲ್ಲವಾ? ಮೊದಲನೇ ವರ್ಷವೇ ಗೊತ್ತಾಗಿದೆ. ಅತ್ತೆಗೆ ತಿಳಿಯಬಾರದೆಂದು ನಾನೇ ಎರಡು ಸಲ ಸಾಬೂನು ಹಾಕುತ್ತಿದ್ದೆ.” ಅಕ್ಕ ನಮ್ಮ ಕಡೆ ನೋಡಿ, “ಇವನಿಗೂ ಗೊತ್ತಿತ್ತು. ಬಾಯಿ ಬಿಡಲಿಲ್ಲ ಮುಂಡೇದು” ಎಂದಳು.

ಅರುವತ್ತು ದಾಟಿದವರಿಗೆ ಬಯ್ಯಲು ಅಕ್ಕಂದಿರು ಇರಬೇಕು. ನಾವು ಸೋಡದ ಗ್ಲಾಸಿನೊಳಗೆ ನೋಡುತ್ತ ಕೂತೆವು. ಅಳಿಯ ತನ್ನ ಬೀರನ್ನು ಮುಟ್ಟಿರಲಿಲ್ಲ. ತಂದೆಯ ಎದುರು ಕುಡಿಯುವುದು ಹೇಗೆಂದೋ, ಮತ್ತೇನೋ. “ಕುಡಿ ಮಗಾ, ಬಿಸಿಯಾದರೆ ರುಚಿ ಹೋಗುತ್ತದೆ” ಎಂದರು ಭಾವ.

ಬಿಲ್ಲು ಬಂದಾಗ ಅಳಿಯ ಮೊಬೈಲಿನಲ್ಲಿ ಕೊಟ್ಟ. ಭಾವ ಎದ್ದು ಆ ಝಾರ್ಖಂಡದ ಹುಡುಗನನ್ನು ಮೂಲೆಗೆ ಕರೆದು ಕೈಯಲ್ಲಿ ಐನೂರರ ನೋಟು ಇಟ್ಟರು. “ಡಬ್ಬಿಗೆ ಹಾಕಬೇಡ. ನಿನಗೆ” ಎಂದದ್ದು ನಮಗೆ ಕೇಳಿಸಿತು. ಹಾರ್ಬರ್ ಬಾರಿಗೆ ಹೋಗಲು ಆಮೇಲೆ ಯಾರೂ ಉತ್ಸಾಹ ತೋರಿಸಲಿಲ್ಲ. ಮರೀನ್ ಡ್ರೈವಿಗೆ ಹೋಗುವಷ್ಟರಲ್ಲಿ ಸೂರ್ಯ ಮುಳುಗಿದ್ದ; ನವೆಂಬರಿನಲ್ಲಿ ಆರು ಗಂಟೆಗೇ ಮುಳುಗುತ್ತಾನೆ, ಇದನ್ನು ಪ್ಲಾನಿನಲ್ಲಿ ನಾವು ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

ಭಾನುವಾರ ಹಡಗಿನ ಬಾಗಿಲವರೆಗೆ ಹೋಗಿ ಬಿಟ್ಟುಬಂದೆವು. ಗುರುತಿನ ಚೀಟಿ ಎಲ್ಲರಲ್ಲೂ ಇತ್ತು. ಹಡಗಿನೊಳಗೆ ಸ್ವಂತ ಬಾಟಲಿ ಒಯ್ಯುವಂತಿಲ್ಲವೆಂದು ಅಳಿಯನಿಗೆ ಮೊದಲೇ ಹೇಳಿದ್ದೆವು. ಉಪ್ಪಿನಕಾಯಿಯ ಬಗ್ಗೆ ಅಕ್ಕನಿಗೆ ಹೇಳಲು ಮರೆತಿತ್ತು. ಆ ಭರಣಿ ಈಗ ನಮ್ಮ ಮನೆಯಲ್ಲಿದೆ. ಮೆಗಾ ಬ್ಲಾಕಿನ ದೆಸೆಯಿಂದ ಡೊಂಬಿವಲಿ ಮುಟ್ಟುವಾಗ ರಾತ್ರಿಯಾಗಿತ್ತು. ಊಟಕ್ಕೆ ಕೂತಾಗ ಅಳಿಯನ ಸಂದೇಶ ಬಂತು: “ಮಾವ, ಹಡಗು ಹೊರಟಿತು. ಅಮ್ಮ ಆರಾಮ. ಇಲ್ಲಿಯ ಬಾರಿನವನಿಗೆ ಗ್ಲಾಸು ಒರೆಸಲು ಬರುವುದಿಲ್ಲವೆಂದು ಅಪ್ಪ ಅರ್ಧ ಗಂಟೆಯಿಂದ ಅವನ ಎದುರೇ ನಿಂತಿದ್ದಾರೆ.”